ನಾಲೆ ಏರಿಯ ಮೇಲೆ ಬಿದ್ದಿದ್ದ ಸೈಕಲ್

ಆ ಬೆಳಿಗ್ಗೆ ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಳು. ಬೇರೆ ಭಾನುವಾರಗಳಲ್ಲಿ ಹೊರಡುವ ಮೊದಲು ನನ್ನ ಸೈಕಲ್ಲಿನ ಎರಡೂ ಟೈರುಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಗಾಳಿ ಹೆಚ್ಚಾಯಿತು, ಜಲ್ಲಿಯ ಮೇಲೆ ಕುಕ್ಕುತ್ತದೆ ಎಂದು ಏನಾದರೊಂದು ಹೇಳುತ್ತಿದ್ದಳು. ಆ ದಿನ ನನ್ನ ಗೇಟಿನ ಹತ್ತಿರ ಬಂದು ನಿಂತವಳು, ನಾನು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುವಷ್ಟರಲ್ಲಿ ಹೊರಟೇಬಿಟ್ಟಳು. ರಾಮನಗರದ ಬೀದಿಗಳಲ್ಲಿ ಇನ್ನೂ ಹಾಲಿನವರು, ಪೇಪರಿನವರು ಬಿಟ್ಟರೆ ಯಾರೂ ಇರಲಿಲ್ಲ. ಊರು ದಾಟುವವರೆಗೂ ಅವಳ ಹಳದಿ ಹೆಲ್ಮೆಟ್ಟನ್ನು ನೋಡಿಕೊಂಡು ನಾನು ಹಿಂದೆ ಹಿಂದೆ ಹೋದೆ.

ಸಿಟ್ಟಿಗೆ ಕಾರಣವಿತ್ತು. ಅದರ ಹಿಂದಿನ ವಾರ ನಾವಿಬ್ಬರೂ ಮಾಗಡಿ ಕಡೆ ಹೋಗಿದ್ದೆವು. ಕುದೂರಿಗೆ ಇನ್ನೂ ಒಂದಿಷ್ಟು ದೂರವಿರುವಾಗ ಹಿಂದಿನಿಂದ ಹುಲ್ಲು ಹೇರಿಕೊಂಡ ಟ್ರ್ಯಾಕ್ಟರೊಂದು ಹಾರ್ನ್ ಹೊಡೆಯುತ್ತ ಬಂತು. ಅಕ್ಕನಿಗೆ ಕೇಳಿಸಲಿಲ್ಲ. ಹ್ಯಾಂಡಲ್ಲಿನ ಕನ್ನಡಿಯನ್ನೂ ನೋಡಲಿಲ್ಲ. ಟ್ರ್ಯಾಕ್ಟರಿನವನು ಅವಳನ್ನು ತಪ್ಪಿಸಲು ಹೋಗಿ ಚಕ್ರವನ್ನು ಚರಂಡಿಗೆ ಇಳಿಸಿದ, ಕೆಳಗಿಳಿದು ಬಾಯಿಗೆ ಬಂದಂತೆ ಬೈದ. ಅವನ ಬಾಯಿಯ ಚಲನೆ ನೋಡಿಯೇ ಅಕ್ಕನಿಗೆ ಎಲ್ಲ ಅರ್ಥವಾಗಿತ್ತು. ಮನೆಗೆ ಬಂದ ಮೇಲೆ ಇದನ್ನು ಯಾರಿಗೂ ಹೇಳಬೇಡ ಎಂದಿದ್ದಳು. ನಾನು ಅವಳ ಮಗಳಿಗೆ ಹೇಳಿದೆ. ಮಗಳು ಕನಕಪುರದಲ್ಲಿ ಶಾಲಾ ಟೀಚರು. ಶನಿವಾರ ಸಂಜೆ ವಿಡಿಯೊ ಕರೆ ಮಾಡಿ, ಇನ್ನು ಸೈಕಲ್ ಸಾಕು, ಮುಂದಿನ ವಾರ ನಾನೇ ಬಂದು ಅದನ್ನು ತೆಗೆದುಕೊಂಡು ಹೋಗುತ್ತೇನೆ ಎಂದು ತಾಯಿಗೆ ಖಡಾಖಂಡಿತವಾಗಿ ಹೇಳಿದ್ದಳು.

ಅಕ್ಕನ ಕಿವಿ ಹುಟ್ಟಿನಿಂದ ಹೋದದ್ದಲ್ಲ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ, ತಗಡು ಒತ್ತುವ ಯಂತ್ರಗಳ ನಡುವೆ ಅವಳ ಅರ್ಧ ಆಯಸ್ಸು ಕಳೆಯಿತು. ಮೊದಮೊದಲು ಮನೆಗೆ ಬಂದು ಟಿ.ವಿ. ಜೋರಾಗಿ ಹಾಕುತ್ತಿದ್ದಳು. ಆಮೇಲೆ ಒಂದು ಕಿವಿ ಪೂರ್ತಿ ಹೋಯಿತು, ಇನ್ನೊಂದರಲ್ಲಿ ಚೂರುಪಾರು ಉಳಿಯಿತು. ಭಾವ ತೀರಿಕೊಂಡ ಮೇಲೆ ಕೆಲಸ ಬಿಟ್ಟು, ನಮ್ಮ ಬೀದಿಯಲ್ಲೇ ಮನೆ ಹಿಡಿದು ಬಂದಳು. ಉಳಿದ ಕಿವಿಗೆ ಶ್ರವಣಯಂತ್ರ ಹಾಕಿಸಿದೆವು. ಅದನ್ನು ಹಾಕಿಕೊಂಡರೆ ಎದುರು ಕೂತವರ ಮಾತು ಕೇಳುತ್ತದೆ. ಆದರೆ ಸೈಕಲ್ ಮೇಲೆ ಕೂತ ತಕ್ಷಣ ಗಾಳಿಯೆಲ್ಲ ಅದರೊಳಗೆ ನುಗ್ಗಿ ತಲೆಯೊಳಗೆ ಗಿರಣಿ ತಿರುಗಿದ ಹಾಗೆ ಆಗುತ್ತದಂತೆ. ಹಾಗಾಗಿ ಹೊರಡುವಾಗ ಅದನ್ನು ಕಳಚಿ, ನೀರು ಇಳಿಯದ ಒಂದು ಪುಟ್ಟ ಡಬ್ಬಿಯಲ್ಲಿಟ್ಟು, ಅಂಗಿಯ ಬೆನ್ನಿನ ಜೇಬಿಗೆ ಹಾಕಿಕೊಳ್ಳುತ್ತಿದ್ದಳು.

ಈ ಸೈಕಲ್ ಹುಚ್ಚು ಹಿಡಿದದ್ದು ಬೆಂಗಳೂರಿನಿಂದ ಭಾನುವಾರ ಭಾನುವಾರ ಬರುವ ಸವಾರರಿಂದ. ಒಮ್ಮೆ ಎಳನೀರು ಕುಡಿಯಲು ನಿಂತಿದ್ದವರ ಸೈಕಲ್ಲನ್ನು ಅಕ್ಕ ಸುತ್ತಿ ಸುತ್ತಿ ನೋಡಿದಳು. ಬಾಗಿದ ಹ್ಯಾಂಡಲ್ಲು, ದಪ್ಪ ಟೈರು. ಇದು ಡಾಂಬರು ರಸ್ತೆಗಿಂತ ಮಣ್ಣುದಾರಿಗೆ, ಜಲ್ಲಿ ದಾರಿಗೆ ಮಾಡಿದ್ದು ಎಂದು ಅವರಲ್ಲೊಬ್ಬ ಹುಡುಗಿ ಹೇಳಿದಳು, ಒಂದು ಸುತ್ತು ಹೊಡೆದು ನೋಡಿ ಆಂಟಿ ಎಂದಳು. ಚಿಕ್ಕವಳಿದ್ದಾಗ ಅಪ್ಪನ ಸೈಕಲ್ಲಿನ ಅಡ್ಡಕಂಬಿಯ ಕೆಳಗೆ ಕಾಲು ತೂರಿಸಿ ಊರೆಲ್ಲ ಸುತ್ತಿದ್ದವಳು ಅಕ್ಕ. ಹತ್ತಿ ಹೋದವಳು ಎಷ್ಟು ಹೊತ್ತಾದರೂ ವಾಪಸು ಬರಲಿಲ್ಲ. ಆ ಹುಡುಗಿ ನನ್ನ ಮುಖ ನೋಡತೊಡಗಿದಳು. ಕೊನೆಗೆ ಬಂದಾಗ ಅಕ್ಕನ ಮುಖದಲ್ಲಿ ನಾನು ಎಷ್ಟೋ ವರ್ಷಗಳಿಂದ ಕಾಣದ ಕೆಂಪು ಇತ್ತು. ಅಂಥದೇ ಒಂದು ಹಳೆಯ ಸೈಕಲ್ಲನ್ನು ಅವಳು ಹುಡುಕಿ ತರಿಸಿಕೊಂಡಳು. ಒಬ್ಬಳನ್ನೇ ಬಿಡಲಾಗದೆ ನಾನೂ ಒಂದು ತೆಗೆದುಕೊಂಡೆ. ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ನಿಂತು ಮಂಡಿ ಹಿಡಿದುಕೊಂಡಿದ್ದ ನನಗೂ ಅದು ಬೇಕಾಗಿತ್ತು.

ನಮ್ಮದೇ ಒಂದು ಪದ್ಧತಿ ಬೆಳೆದಿತ್ತು. ನಾನು ಮುಂದೆ, ಅವಳು ಹಿಂದೆ. ನಾನು ಅಂಗೈ ಕೆಳಗೆ ಆಡಿಸಿದರೆ ನಿಧಾನ, ಬೆರಳು ನೆಲಕ್ಕೆ ತೋರಿಸಿದರೆ ಗುಂಡಿ, ಮುಷ್ಟಿ ಎತ್ತಿದರೆ ಇದ್ದಲ್ಲೇ ನಿಲ್ಲು. ಹಿಂದಿನಿಂದ ಬರುವುದಕ್ಕೆ ಅವಳ ಹ್ಯಾಂಡಲ್ಲಿಗೆ ಕನ್ನಡಿ. ಹೀಗೆ ಮಾಗಡಿಯ ಕಾಡಂಚಿನ ಜಾಡುಗಳು, ಕನಕಪುರದ ಕಡೆಯ ನೀಲಗಿರಿ ತೋಪುಗಳು, ಚನ್ನಪಟ್ಟಣದ ಕಡೆಯ ನಾಲೆ ಏರಿಗಳು, ಎಲ್ಲ ತಿರುಗಿದ್ದೆವು.

ಆ ಭಾನುವಾರ ಹೊರಟದ್ದು ಕಣ್ವ ಜಲಾಶಯಕ್ಕೆ. ಹಳ್ಳಿ ದಾರಿಗಳಲ್ಲಿ ಹೋಗಿ, ಕೆಳಗಿನ ಕಡೆಯಲ್ಲಿ ನಾಲೆಯನ್ನು ಸೇರಿ, ನೀರಿಗೆ ಎದುರಾಗಿ ಏರಿಯ ಮೇಲೆಯೇ ಅಣೆಕಟ್ಟಿನವರೆಗೆ ಹೋಗುವುದು, ಅಲ್ಲಿ ಕೂತು ಕಟ್ಟಿಕೊಂಡು ಬಂದ ರೊಟ್ಟಿ ತಿನ್ನುವುದು ಎಂದು ಹಿಂದೆಯೇ ಮಾತಾಡಿಕೊಂಡಿದ್ದೆವು. ನಾಲೆ ಸೇರುವ ಜಾಗದಲ್ಲಿ ನೀರು ಕುಡಿಯಲು ನಿಂತೆವು. ಮಳೆಗಾಲ ಮುಗಿದು ರಾಗಿ ತೆನೆಗಟ್ಟಿದ್ದ ಸಮಯ. ಒಂದು ಬದಿಗೆ ಹಿಪ್ಪುನೇರಳೆ, ರಾಗಿ, ಕಬ್ಬು, ಬಾಳೆ. ನಾಲೆಯ ಆಚೆ ಬದಿಗೆ ಸ್ವಲ್ಪ ಬಯಲು ದಾಟಿದರೆ ಕುರುಚಲು ಕಾಡು, ಅದರ ಹಿಂದೆ ಬಂಡೆಗುಡ್ಡ. ನಾನು ಅವಳ ಎದುರಿಗೆ ನಿಂತು, ನಿನ್ನ ಒಳ್ಳೆಯದಕ್ಕೇ ಹೇಳಿದೆ ಎಂದೆ. ತುಟಿ ನೋಡಿ ಅರ್ಥ ಮಾಡಿಕೊಂಡಳು.

"ನೀನು ನನ್ ತಂಗಿನಾ, ಇಲ್ಲ ನನ್ ಮಗ್ಳು ಇಟ್ಟಿರೋ ಕಾವಲಿನೋಳಾ?" ಎಂದಳು. ಯಂತ್ರ ಹಾಕಿಕೊಳ್ಳದಿದ್ದಾಗ ಅವಳ ದನಿ ಅವಳಿಗೇ ಕೇಳುವುದಿಲ್ಲ, ಹಾಗಾಗಿ ಜೋರಾಗಿ ಮಾತಾಡುತ್ತಾಳೆ. "ಇವತ್ತು ನಾನೇ ಮುಂದೆ ಓಯ್ತೀನಿ. ನಿನ್ ಕೈ ನೋಡ್ಕೊಂಡು ಓಗೋಕೆ ನಂಗೂ ಸಾಕಾಗೈತೆ."

ಉತ್ತರಕ್ಕೆ ಕಾಯದೆ ಹೊರಟಳು. ನಾಲೆ ಏರಿ ಅಗಲವಾಗಿತ್ತು, ಎತ್ತಿನಗಾಡಿ ಹೋಗುವಷ್ಟು. ಮಧ್ಯೆ ಹುಲ್ಲು, ಎರಡು ಬದಿಗೆ ಚಕ್ರ ಉರುಳಿ ಗಟ್ಟಿಯಾದ ಜಾಡು. ಅಲ್ಲಿ ವಾಹನದ ಭಯವಿಲ್ಲ, ಹೋಗಲಿ ಎಂದುಕೊಂಡೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ನನ್ನ ಚೈನು ಕಳಚಿಕೊಂಡಿತು. ಕನ್ನಡಿಯಲ್ಲಿ ನೋಡಿ ನಿಲ್ಲುತ್ತಾಳೆ ಎಂದು ಕೈ ಎತ್ತಿದೆ. ಅವಳು ನಿಲ್ಲಲಿಲ್ಲ. ನೋಡಿಯೂ ನಿಲ್ಲಲಿಲ್ಲವೋ, ನೋಡಲೇ ಇಲ್ಲವೋ ಈಗಲೂ ನನಗೆ ತಿಳಿಯದು. ನಾಲೆ ಎಡಕ್ಕೆ ತಿರುಗುವ ಕಡೆ ಹೊಂಗೆ ಮರಗಳ ಹಿಂದೆ ಹಳದಿ ಹೆಲ್ಮೆಟ್ಟು ಮರೆಯಾಯಿತು.

ಚೈನು ಹಲ್ಲಿಗೂ ಕಂಬಿಗೂ ನಡುವೆ ಸಿಕ್ಕಿಕೊಂಡಿತ್ತು. ಕಡ್ಡಿ ಹಾಕಿ ಮೀಟುತ್ತಿರುವಾಗ ದೂರದಲ್ಲಿ ಪಟಾಕಿಯ ಶಬ್ದ ಕೇಳಿತು. ಯಾರದೋ ಮದುವೆ ಇರಬೇಕು ಎನಿಸಿತು. ಇನ್ನೊಂದು ಸಿಡಿಯಿತು, ಈ ಸಲ ಹತ್ತಿರದಲ್ಲಿ, ಜೊತೆಗೆ ಗಂಡಸರ ಕೂಗು. ಹೇಗೋ ಚೈನು ಕೂರಿಸಿ, ಬೆರಳಿನ ಕೊಳೆಯನ್ನು ಪ್ಯಾಂಟಿಗೆ ಒರೆಸಿಕೊಂಡು ಸೈಕಲ್ ಹತ್ತಿದೆ. ಹೊಂಗೆ ಮರಗಳ ಹತ್ತಿರ ಬರುವಷ್ಟರಲ್ಲಿ ಕೆಳಗಿನ ಹೊಲದ ಕಡೆಯಿಂದ ಖಾಕಿ ಅಂಗಿಯ ಒಬ್ಬ ಮನುಷ್ಯ ಏರಿಗೆ ಓಡಿಬಂದು, ಎರಡೂ ಕೈ ಚಾಚಿ ಅಡ್ಡ ನಿಂತ. ಅರಣ್ಯ ಇಲಾಖೆಯ ಕಾವಲಿನ ವಾಚರ್. ತಲೆಗೆ ಟವೆಲ್ಲು, ಕೈಯಲ್ಲಿ ಉದ್ದ ಕೋಲು.

"ಎಲ್ಗಮ್ಮ ಓಯ್ತಿದೀರಿ? ಇಳೀರಿ, ಇಳೀರಿ. ಆನೆ ಓಡುಸ್ತಾವ್ರೆ."

ಕಬ್ಬಿನ ತೋಟದಲ್ಲಿ ಒಂದು ಹಿಂಡು ಬಂದು ಉಳಿದುಬಿಟ್ಟಿತ್ತಂತೆ. ಬೆಳಕು ಹರಿಯುವ ಮುಂಚೆ ತಾವಾಗಿಯೇ ಕಾಡಿಗೆ ಮರಳುವ ಆನೆಗಳು ಆ ದಿನ ಮರಳಿರಲಿಲ್ಲ. ಜನ ಸೇರಿ ಗಲಾಟೆಯಾಗುವ ಮುಂಚೆ ಅವನ್ನು ನಾಲೆ ದಾಟಿಸಿ ಗುಡ್ಡದ ಕಡೆ ಕಳಿಸಬೇಕೆಂದು ಇಲಾಖೆಯವರು ಪಟಾಕಿ ಹಿಡಿದು ಬಂದಿದ್ದರು. ಏರಿಯ ಎರಡೂ ಕಡೆ ಕಾವಲು ನಿಲ್ಲಲು ಹೊರಟವರಲ್ಲಿ ಇವನೊಬ್ಬ. ಅವನು ಬರುವ ಮೊದಲೇ ಅಕ್ಕ ದಾಟಿ ಹೋಗಿದ್ದಳು.

ನಮ್ಮಕ್ಕ ಮುಂದೆ ಹೋಗಿದ್ದಾಳೆ ಎಂದೆ. ಕೂಗಿ ಮತ್ತೆ, ವಾಪಸು ಕರೆಯಿರಿ ಎಂದ.

"ಅವ್ಳಿಗೆ ಕಿವಿ ಕೇಳ್ಸಲ್ಲ," ಎಂದೆ.

ಅವನು ಜೇಬಿನಿಂದ ಫೋನ್ ತೆಗೆದು, ತೋಟದ ಆಚೆ ಇದ್ದವರಿಗೆ ಕರೆ ಮಾಡಿದ. "ಲೇ, ಪಟಾಕಿ ನಿಲ್ಸ್ರಲಾ. ಏರಿ ಮ್ಯಾಲೆ ಒಬ್ರು ಹೆಂಗ್ಸು ಅವ್ರೆ. ಕಿವಿ ಬ್ಯಾರೆ ಕೇಳ್ಸಲ್ವಂತೆ." ಆ ಕಡೆಯವರು ಏನೋ ಹೇಳಿದರು. ಆನೆಗಳು ಆಗಲೇ ಕಬ್ಬು ಬಿಟ್ಟು ನಾಲೆಯ ಕಡೆ ತಿರುಗಿವೆ, ಈಗ ಸದ್ದು ನಿಲ್ಲಿಸಿದರೆ ಮತ್ತೆ ನಮ್ಮ ಮೇಲೇ ತಿರುಗಿದರೆ ಗತಿಯೇನು ಎಂದು ಅವರು ಕೇಳುತ್ತಿದ್ದರೆಂದು ಆಮೇಲೆ ತಿಳಿಯಿತು. ಇವನು, ನೀವು ದೂರ ಸರಿದುಕೊಳ್ಳಿ, ಆದರೆ ಇನ್ನೊಂದು ಪಟಾಕಿ ಹೊಡೆಯಬೇಡಿ ಎಂದು ಖಂಡಿತವಾಗಿ ಹೇಳಿ ಫೋನ್ ಇಟ್ಟ.

ನಾನು ಅಷ್ಟರಲ್ಲಿ ಅಕ್ಕನ ಫೋನಿಗೆ ಕರೆ ಮಾಡಿದ್ದೆ. ಫೋನು ಅವಳ ಹ್ಯಾಂಡಲ್ಲಿನ ಚೀಲದಲ್ಲಿರುತ್ತದೆ. ಅದು ಅದುರಿದರೂ ಜಲ್ಲಿಯ ಅದುರಿನಲ್ಲಿ ಅವಳಿಗೆ ಗೊತ್ತಾಗುವುದಿಲ್ಲ. ಗೊತ್ತಿದ್ದೂ ಮಾಡಿದೆ. ರಿಂಗಾಗುತ್ತಲೇ ಇತ್ತು.

ಸೈಕಲ್ ಅಲ್ಲೇ ಬಿಟ್ಟು ಓಡಿದೆ. ಅವನು ನನ್ನ ತೋಳು ಹಿಡಿದು ನಿಲ್ಲಿಸಲು ನೋಡಿದ, ಆಮೇಲೆ ತಾನೂ ಜೊತೆಗೆ ಬಂದ, ನನ್ನ ಹಿಂದೇನೇ ಇರಿ ಎಂದ. ತಿರುವು ದಾಟಿದ ಮೇಲೆ ನಾಲೆ ನೇರವಾಗಿ ಬಹಳ ದೂರ ಕಾಣುತ್ತದೆ. ಅವನು ಥಟ್ಟನೆ ಕೂತು, ನನ್ನನ್ನೂ ಎಳೆದು ಕೂರಿಸಿದ.

ಏರಿಯ ಮೇಲೆ ಆನೆಗಳು ನಿಂತಿದ್ದವು. ಬಾಳೆಗಿಡಗಳ ನಡುವಿನಿಂದ ಒಂದೊಂದಾಗಿ ಹತ್ತಿ ಬರುತ್ತಿದ್ದವು. ಮುಂದೆ ಒಂದು ದೊಡ್ಡ ಹೆಣ್ಣಾನೆ, ಅದರ ಹಿಂದೆ ಇನ್ನೆರಡು, ಅವುಗಳ ಕಾಲ ಸಂದಿಯಲ್ಲಿ ಒಂದು ಮರಿ. ಕೊನೆಗೆ ದಂತವಿದ್ದ ಒಂದು ಸಲಗ. ಅವುಗಳ ಕಾಲ ಬಳಿ, ಜಾಡಿನ ಮಧ್ಯೆ, ಅಕ್ಕನ ಸೈಕಲ್ ಬಿದ್ದಿತ್ತು.

ಅಕ್ಕ ಇರಲಿಲ್ಲ.

ನನ್ನ ಬಾಯಿಂದ ಯಾವ ದನಿ ಬಂತೋ ಗೊತ್ತಿಲ್ಲ. ವಾಚರ್ ತನ್ನ ಅಂಗೈಯನ್ನು ನನ್ನ ಬಾಯಿಗೆ ಒತ್ತಿದ. ನಾನು ಒಂದೊಂದೇ ಜಾಗವನ್ನು ಹುಡುಕಿದೆ. ಏರಿಯ ಇಳಿಜಾರು, ಬಾಳೆಯ ಬುಡ, ಆಚೆ ದಡದ ಲಂಟಾನ ಪೊದೆ. ಆನೆಗಳ ಕಾಲ ಕೆಳಗೆ ನೋಡುವ ಧೈರ್ಯ ಬರಲಿಲ್ಲ, ಆದರೂ ನೋಡಿದೆ. ಸಲಗ ಸೊಂಡಿಲಿನಿಂದ ಸೈಕಲ್ಲನ್ನು ಮುಟ್ಟಿ ನೋಡಿತು. ಮುಂದಿನ ಚಕ್ರ ಹಿಡಿದು ಅರ್ಧಕ್ಕೆ ಎತ್ತಿತು, ಕೈಬಿಟ್ಟಿತು. ಬಿದ್ದ ಸದ್ದು ನಮ್ಮವರೆಗೂ ಬಂತು. ಆಮೇಲೆ ಅದರ ಮೇಲೆ ಕಾಲಿಟ್ಟು, ಏನೂ ಆಗಿಲ್ಲವೆಂಬಂತೆ ನೀರಿಗಿಳಿಯಿತು.

ಆಗ ನಾಲೆಯಲ್ಲಿ ಏನೋ ಹಳದಿ ತೇಲಿಕೊಂಡು ಬಂತು. ಅಕ್ಕನ ಹೆಲ್ಮೆಟ್ಟು. ಬುಡಮೇಲಾಗಿ, ಬಟ್ಟಲಿನ ಹಾಗೆ ತಿರುಗುತ್ತ ತಿರುಗುತ್ತ ನಮ್ಮ ಕಡೆ ಬರುತ್ತಿತ್ತು. ವಾಚರ್ ಕೋಲು ಚಾಚಿ ಅದನ್ನು ದಡಕ್ಕೆ ಎಳೆದುಕೊಂಡ, ನನಗೆ ಕೊಡದೆ ಕೈಯಲ್ಲೇ ಹಿಡಿದುಕೊಂಡ. ಅವನಿಗೂ ನನ್ನ ಮುಖ ನೋಡಲಾಗುತ್ತಿರಲಿಲ್ಲ. ನಾನು ಕಿತ್ತುಕೊಂಡು ನೋಡಿದೆ. ಪಟ್ಟಿ ಹರಿದಿರಲಿಲ್ಲ. ಕ್ಲಿಪ್ಪು ಮುರಿದಿರಲಿಲ್ಲ. ಯಾರೋ ಒತ್ತಿ ಬಿಚ್ಚಿದ ಹಾಗೆ ಅದರ ಎರಡು ತುದಿಗಳೂ ಸರಿಯಾಗಿದ್ದವು.

ಅಕ್ಕನೇ ಬಿಚ್ಚಿದ್ದಾಳೆ ಎಂದುಕೊಂಡೆ. ಹಾಗಾದರೆ ಅವಳು ಮೇಲಿನ ಕಡೆ ನೀರಿನಲ್ಲಿ ಇದ್ದಾಳೆ.

ಆನೆಗಳು ದಾಟುತ್ತಿದ್ದ ಜಾಗದಿಂದ ಸ್ವಲ್ಪವೇ ಮೇಲೆ, ಹೊಲಗಳಿಗೆ ಹೋಗಲು ಕಟ್ಟಿದ ಒಂದು ಹಳೆಯ ಕಲ್ಲಿನ ಕಿರುಸೇತುವೆ ಇತ್ತು. ತಗ್ಗಾದ ಕಮಾನು. ನೀರು ಅದರ ಕೆಳಗೆ ಕಪ್ಪಗೆ ಬರುತ್ತಿತ್ತು. ಕಣ್ಣು ಕಿರಿದು ಮಾಡಿ ನೋಡಿದಾಗ, ಕಮಾನಿನ ನೆರಳಿನೊಳಗೆ, ಗೋಡೆಗೆ ಅಂಟಿಕೊಂಡಂತೆ, ಅವಳ ಕೆಂಪು ಅಂಗಿಯ ಒಂದು ಚೂರು ಕಂಡಿತು. ಅದು ಅಲುಗಿತು. ವಾಚರಿಗೆ ತೋರಿಸಿದೆ. ಅವನು ನೋಡಿ, ಉಸಿರು ಬಿಟ್ಟ.

ಆದರೆ ಅಷ್ಟರಲ್ಲಿ ಬೇರೊಂದು ಆಗಿತ್ತು. ದೊಡ್ಡವು ನೀರು ದಾಟಿ ಆಚೆ ದಡ ಹತ್ತಿಕೊಂಡಿದ್ದವು. ಮರಿಗೆ ಹತ್ತಲಾಗಲಿಲ್ಲ. ನಾಲೆಯ ಎರಡು ಬದಿಗೂ ಕಾಂಕ್ರೀಟು ಹಾಸಿದ ಇಳಿಜಾರು, ಪಾಚಿ ಬೇರೆ. ಅದು ಮುಂಗಾಲು ಊರಿ ಹತ್ತುವುದು, ಜಾರಿ ಮತ್ತೆ ನೀರಿಗೆ ಬೀಳುವುದು. ತಾಯಿ ವಾಪಸು ನೀರಿಗಿಳಿದು, ಹಣೆಯಿಂದ ಅದನ್ನು ಹಿಂದಿನಿಂದ ನೂಕುತ್ತಿತ್ತು. ಒಂದು ಸಲ ತಾಯಿ ಆನೆ ಗಟ್ಟಿಯಾಗಿ ಕೂಗಿತು. ಅಕ್ಕ ಅವುಗಳ ಬೆನ್ನ ಹಿಂದೆ, ಹಗ್ಗ ಎಸೆದರೆ ತಲುಪುವಷ್ಟು ಹತ್ತಿರದಲ್ಲಿ ಇದ್ದಳು. ಸದ್ದು ಕೇಳಿಸದ ಅವಳು, ಆನೆಗಳು ಹೋದವೆಂದುಕೊಂಡು ಹೊರಗೆ ಬಂದುಬಿಟ್ಟರೆ? ಕಮಾನಿನ ಒಳಗಿನಿಂದ ಅವಳಿಗೆ ಎಷ್ಟು ಕಾಣುತ್ತಿದೆಯೋ ನನಗೆ ತಿಳಿಯದು.

ನಾವು ಕೂತಿದ್ದ ಕಡೆ ಹೊಲಕ್ಕೆ ನೀರು ಬಿಡುವ ತೂಬು ಇತ್ತು. ಅದರ ಕಟ್ಟೆ ಏರಿಗಿಂತ ಎತ್ತರ. ನಾನು ಅದರ ಮೇಲೆ ಹತ್ತಿದೆ. ವಾಚರ್ ಇಳಿಯಿರಿ ಎಂದು ಕಾಲು ಎಳೆಯುತ್ತಿದ್ದ. ನಾನು ಬಲಗೈಯ ಮುಷ್ಟಿ ಕಟ್ಟಿ, ತಲೆಯ ಮೇಲೆ ಎತ್ತಿ ಹಿಡಿದೆ. ಇದ್ದಲ್ಲೇ ನಿಲ್ಲು. ಅಲ್ಲಾಡಬೇಡ.

ಅವಳಿಗೆ ಕಾಣಿಸಿತೋ ಇಲ್ಲವೋ. ಕೈ ನೋಯತೊಡಗಿತು, ಇನ್ನೊಂದು ಕೈಯಿಂದ ಆ ಕೈಗೆ ಆಸರೆ ಕೊಟ್ಟೆ. ನಿನ್ನ ಕೈ ನೋಡಿಕೊಂಡು ಹೋಗಲು ಸಾಕಾಗಿದೆ ಎಂದವಳು ಈಗ ನನ್ನ ಕೈ ನೋಡಲಿ ಎಂದು ಬೇಡಿಕೊಂಡೆ. ಎಷ್ಟೋ ಹೊತ್ತಿನ ಮೇಲೆ ಕಮಾನಿನ ನೆರಳಿನಿಂದ ಒಂದು ಕೈ ಹೊರಬಂತು. ಮುಷ್ಟಿ ಕಟ್ಟಿತ್ತು. ಒಂದು ಕ್ಷಣ ಇದ್ದು, ಒಳಗೆ ಹೋಯಿತು.

ಅಲ್ಲಿಂದ ಮುಂದೆ ಮಾಡಲು ಏನೂ ಇರಲಿಲ್ಲ, ಕಾಯುವುದು ಬಿಟ್ಟು. ಕಬ್ಬಿನ ತೋಟದ ಆಚೆ ಜನ ಸೇರಿದ್ದರು. ಮೊಬೈಲ್ ಎತ್ತಿ ಹಿಡಿದುಕೊಂಡು ಹತ್ತಿರ ಬರಲು ನೋಡಿದವರನ್ನು ಇಲಾಖೆಯವರು ತಡೆದರು. ತಾಯಿ ಆನೆ ನೂಕಿ ನೂಕಿ ಸೋತು, ಮರಿಯನ್ನು ನೀರಿನ ಜೊತೆಗೇ ಕೆಳಗಿನ ಕಡೆ ನಡೆಸಿಕೊಂಡು ಹೊರಟಿತು. ಅಂದರೆ ನಮ್ಮ ಕಡೆಗೆ. ವಾಚರ್ ಈ ಸಲ ನನ್ನನ್ನು ಕೇಳಲಿಲ್ಲ. ಸೊಂಟ ಹಿಡಿದು ಕಟ್ಟೆಯಿಂದ ಇಳಿಸಿ, ಏರಿಯ ಕೆಳಗೆ ಹಿಪ್ಪುನೇರಳೆ ಸಾಲಿನೊಳಗೆ ಕೆಡವಿದ. ಇಬ್ಬರೂ ಮಣ್ಣಿಗೆ ಮುಖ ಕೊಟ್ಟು ಮಲಗಿದೆವು. ಮೇಲೆ, ನೀರನ್ನು ತಳ್ಳಿಕೊಂಡು ಬರುವ ಕಾಲುಗಳ ಸಪ್ಪಳ, ಭಾರವಾದ ಉಸಿರು. ಹಸಿ ಹುಲ್ಲಿನ, ಲದ್ದಿಯ ವಾಸನೆ. ನನ್ನ ಪಕ್ಕದಲ್ಲಿ ವಾಚರ್ ತುಟಿ ಅಲುಗಿಸುತ್ತ ಏನೋ ಹೇಳಿಕೊಳ್ಳುತ್ತಿದ್ದ. ಬಹುಶಃ ಅವನ ಮನೆದೇವರ ಹೆಸರು.

ತೂಬಿನಿಂದ ಸ್ವಲ್ಪ ಮೇಲೆಯೇ, ಆಚೆ ದಡದಲ್ಲಿ ಕಾಂಕ್ರೀಟು ಕುಸಿದು ಮಣ್ಣಿನ ಇಳಿಜಾರಾಗಿದ್ದ ಒಂದು ಜಾಗವಿತ್ತು. ಮರಿ ಅಲ್ಲಿ ಮೊದಲ ಸಲಕ್ಕೇ ಹತ್ತಿತಂತೆ. ನಾನು ನೋಡಲಿಲ್ಲ. ನಾನು ತಲೆ ಎತ್ತಿದಾಗ ಲಂಟಾನ ಪೊದೆಗಳು ಬಾಗಿ ಬಾಗಿ ಏಳುತ್ತಿದ್ದವು, ಒಂದು ಬಾಲ ಕಂಡು ಮರೆಯಾಯಿತು.

ಸೇತುವೆಯ ಹತ್ತಿರ ಹೋದಾಗ ಅಕ್ಕನಿಗೆ ತಾನಾಗಿ ಹೊರಬರಲು ಆಗುತ್ತಿರಲಿಲ್ಲ. ಎದೆಮಟ್ಟದ ನೀರಿನಲ್ಲಿ ನಿಂತು ನಿಂತು ಕಾಲು ಮರಗಟ್ಟಿದ್ದವು. ನಾನು ಇಳಿದು, ಅವಳ ಕಂಕುಳಿಗೆ ಕೈ ಹಾಕಿ ಎಳೆದೆ. ಮೇಲಿನಿಂದ ವಾಚರ್ ಕೋಲು ಕೊಟ್ಟ.

"ಓದ್ವಾ ಆನೆಗಳು?" ಎಂದು ಜೋರಾಗಿ ಕೇಳಿದಳು. ತಲೆಯಾಡಿಸಿದೆ.

ಏರಿಯ ಮೇಲೆ ಕೂತ ಮೇಲೆ ಅವಳ ಹಲ್ಲು ಕಟಕಟ ಹೊಡೆದುಕೊಳ್ಳತೊಡಗಿತು. ಅಳಲಿಲ್ಲ. ವಾಚರ್ ನಮ್ಮಿಬ್ಬರಿಗೂ ಬೈದ, ಹೆಚ್ಚಾಗಿ ನನಗೇ. ಬೈಯುತ್ತಲೇ ತನ್ನ ಟವೆಲ್ಲನ್ನು ಅವಳಿಗೆ ಹೊದಿಸಿದ. ಹಳ್ಳಿಗಳಲ್ಲಿ ಆನೆ ಬಂದ ಸುದ್ದಿ ಮೊಬೈಲಿಗೆ ಬರುತ್ತದೆ, ಈ ಕಡೆ ಬರುವವರು ಯಾರನ್ನಾದರೂ ಕೇಳಿಕೊಂಡು ಬರಬೇಕಲ್ಲವೇ ಎಂದ. ಸೈಕಲ್ಲಿನ ಮುಂದಿನ ಚಕ್ರ ಒಡೆದ ಹಪ್ಪಳದ ಹಾಗಾಗಿತ್ತು, ಕಡ್ಡಿಗಳೆಲ್ಲ ಹೊರಗೆ ಚಾಚಿಕೊಂಡಿದ್ದವು. ಅಕ್ಕ ಅದನ್ನು ಒಮ್ಮೆ ನೋಡಿ, ನನ್ನ ಕೈ ಹಿಡಿದುಕೊಂಡಳು. ಆಮೇಲೆ ಬಿಡಲಿಲ್ಲ. ಒಂದು ಗೂಡ್ಸ್ ಆಟೋದ ಹಿಂದೆ ಎರಡೂ ಸೈಕಲ್ ಹಾಕಿಕೊಂಡು, ಅವುಗಳ ಪಕ್ಕದಲ್ಲೇ ಕೂತು ಊರು ಸೇರಿದೆವು. ಅಷ್ಟು ದೂರವೂ ಕೈ ಹಾಗೇ ಇತ್ತು.

ಸಂಜೆ ಬಿಸಿನೀರು ಹಾಕಿಕೊಂಡು, ಮೆಣಸಿನ ಸಾರು ಕುಡಿದ ಮೇಲೆ ಹೇಳಿದಳು. ನನ್ನ ಮೇಲಿನ ಸಿಟ್ಟಿನಲ್ಲಿ ಜೋರಾಗಿ ತುಳಿದುಕೊಂಡು ಹೋಗುತ್ತಿದ್ದಳಂತೆ. ರಾಗಿ ಹೊಲದಿಂದ ಬೆಳ್ಳಕ್ಕಿಗಳೆಲ್ಲ ಒಟ್ಟಿಗೇ ಎದ್ದುಬಿಟ್ಟವು. ಯಾಕೆ ಎಂದು ಬ್ರೇಕ್ ಹಿಡಿದಳು. ಗಾಳಿ ಇರಲಿಲ್ಲ, ಆದರೂ ಬಾಳೆತೋಟದ ಒಂದು ಸಾಲು ಮಾತ್ರ ಅಲ್ಲಾಡುತ್ತಿತ್ತು, ಅದೂ ಅವಳ ಕಡೆಗೇ. ಎಲೆಗಳ ಮೇಲೆ ಬೂದುಬಣ್ಣದ ಬೆನ್ನು ಕಂಡಾಗ ಸೈಕಲ್ ಕೈಬಿಟ್ಟು ನೀರಿಗಿಳಿದಳು. ಸೇತುವೆಯ ಕಮಾನಿನೊಳಗೆ ಹೋದ ಮೇಲೆ, ಹಳದಿ ಬಣ್ಣ ಎದ್ದು ಕಾಣುತ್ತದೆಂದು ಹೆಲ್ಮೆಟ್ಟು ಬಿಚ್ಚಿ ಕೈಬಿಟ್ಟಳು. ಅದು ತೇಲಿಕೊಂಡು ಹೋಗಿ ನನ್ನನ್ನು ಅರ್ಧ ಕೊಂದುಹಾಕುತ್ತದೆ ಎಂದು ಅವಳಿಗೆ ಹೊಳೆಯಲಿಲ್ಲ.

ಗೋಡೆಗೆ ಅಂಟಿ ನಿಂತಿದ್ದರಿಂದ ಕಮಾನಿನೊಳಗಿನಿಂದ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಹೋದವೋ ಇದ್ದಾವೋ ತಿಳಿಯಲೆಂದು ಬೆನ್ನಿನ ಜೇಬಿನಿಂದ ಡಬ್ಬಿ ತೆಗೆದು, ಕೈ ಮೇಲೆತ್ತಿ ಒದ್ದೆಯಾಗದಂತೆ ಯಂತ್ರವನ್ನು ಕಿವಿಗೆ ಹಾಕಿಕೊಂಡಳು. ಸರಿಯಾಗಿ ಆಗಲೇ ತಾಯಿ ಆನೆ ಕೂಗಿತು. ಕಲ್ಲಿನ ಗೂಡಿನೊಳಗೆ ಆ ಕೂಗು ಸುತ್ತಿ ಸುತ್ತಿ ಹೊಡೆಯಿತು. ಕಾಲು ತಾನಾಗಿಯೇ ಹೊರಗೆ ಹೊರಟಿತಂತೆ.

"ಓಡೋಕೆ ಒಂದೆಜ್ಜೆ ಇಟ್ಬುಟ್ಟಿದ್ದೆ ಕಣೆ," ಎಂದಳು. "ಯಂಗೋ ಯಂತ್ರ ಕಿತ್ತೆ. ಎಲ್ಲಾ ನಿಂತೋಯ್ತು. ಆಮ್ಯಾಕೆ ನೀನು ಕಂಡೆ."

ತೂಬಿನ ಮೇಲೆ ನಾನು ಮುಷ್ಟಿ ಎತ್ತಿ ನಿಂತದ್ದು ಅವಳಿಗೆ ಪುಟ್ಟ ಗೊಂಬೆಯಷ್ಟು ಕಾಣುತ್ತಿತ್ತಂತೆ. ಅದರ ಮೇಲೆ ಕಣ್ಣು ನೆಟ್ಟು ನಿಂತಳು. ನಾನು ಥಟ್ಟನೆ ಮರೆಯಾದಾಗ, ಆನೆ ನನ್ನ ಕಡೆ ಬಂತೆಂದು ತಿಳಿದಳು. ಆಮೇಲಿನ ಹೊತ್ತೇ ಎಲ್ಲಕ್ಕಿಂತ ಕಷ್ಟವಾಯಿತು ಎಂದಳು. ನನಗೆ ಅದು ತೋಚಿರಲೇ ಇಲ್ಲ. ನಾನು ಹಿಪ್ಪುನೇರಳೆಯ ಸಾಲಿನಲ್ಲಿ ಅವಳಿಗಾಗಿ ನಡುಗುತ್ತಿದ್ದಾಗ, ಅವಳು ಕತ್ತಲಲ್ಲಿ ನನಗಾಗಿ ನಡುಗುತ್ತಿದ್ದಳು.

ಮಗಳಿಗೆ ಏನು ಹೇಳುವುದು ಎಂದು ನಾನು ಕೇಳಲಿಲ್ಲ. ಈ ಸಲ ಬಾಯಿ ಬಿಡಬಾರದೆಂದು ತೀರ್ಮಾನಿಸಿಕೊಂಡಿದ್ದೆ. ಅಕ್ಕನೇ ಮರುದಿನ ಕರೆ ಮಾಡಿ, ಮೊದಲಿನಿಂದ ಕೊನೆಯವರೆಗೆ ಒಂದನ್ನೂ ಮುಚ್ಚಿಡದೆ ಹೇಳಿದಳು. ಚಿಕ್ಕಮ್ಮ ಮುಂದೆ ಇರಬೇಕಿತ್ತು, ಸಿಟ್ಟಿನಲ್ಲಿ ನಾನೇ ಮುಂದೆ ಹೋದೆ ಎಂಬುದನ್ನೂ ಹೇಳಿದಳು. ಪರದೆಯ ಮೇಲೆ ಮಗಳ ಮುಖ ಬಿಳಿಚಿಕೊಂಡಿತು. ಬೈಯುತ್ತಾಳೆಂದು ಕಾದೆವು. ಅವಳು ಕರೆಯನ್ನೇ ಮುಗಿಸಿದಳು.

ಮುಂದಿನ ಭಾನುವಾರ ಕಾರಿನಲ್ಲಿ ಬಂದಳು. ಅಂಗಳದಲ್ಲಿ ನಿಲ್ಲಿಸಿದ್ದ ಸೈಕಲ್ಲಿನ ಮುರಿದ ಚಕ್ರವನ್ನು ಬಹಳ ಹೊತ್ತು ನೋಡಿದಳು. ಒಳಗೆ ಬರದೆ, ಆ ಜಾಗ ತೋರಿಸಿ ಎಂದಳು. ಚನ್ನಪಟ್ಟಣದ ಕಡೆಯ ದಾರಿಯಲ್ಲಿ ಸಿಕ್ಕಿದ ಹಳ್ಳಿಯಲ್ಲಿ ಕಾರು ನಿಲ್ಲಿಸಿ, ಆನೆಗಳು ಎಲ್ಲಿವೆ ಎಂದು ವಿಚಾರಿಸಿದೆವು. ಅವು ಎರಡು ದಿನದಿಂದ ಗುಡ್ಡದ ಆಚೆ ಇವೆ, ಹೋಗಬಹುದು ಎಂದು ಹೇಳಿದರು.

ಹೊತ್ತು ನೆತ್ತಿಗೇರಿತ್ತು. ನಾಲೆಯಲ್ಲಿ ನೀರು ಕಡಿಮೆ ಮಾಡಿದ್ದರು. ಏರಿಯ ಮೇಲೆ ಒಣಗಿದ ಲದ್ದಿ, ನೀರಿನಂಚಿನ ಪಾಚಿಯ ಮೇಲೆ ಮರಿಯ ಕಾಲು ಜಾರಿದ ಗೀರುಗಳು ಇನ್ನೂ ಇದ್ದವು. ಮಗಳು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ನಾವು ಬೇಡವೆನ್ನುತ್ತಿದ್ದರೂ ಇಳಿದು ಸೇತುವೆಯ ಕಮಾನಿನೊಳಗೆ ಹೋದಳು. ಒಳಗಿನಿಂದ ಅವಳ ಉಸಿರಾಟ ಕೇಳುತ್ತಿತ್ತು. ಏನು ಮಾಡುತ್ತಿದ್ದಾಳೆಂದು ಅಕ್ಕ ನನ್ನ ಕಡೆ ನೋಡಿದಳು. ಸುಮ್ಮನೆ ನಿಂತಿದ್ದಾಳೆ ಎಂದೆ.

ಹೊರಗೆ ಬಂದಾಗ ಅವಳ ಕೂದಲಿಗೆ ಜೇಡನ ಬಲೆ ಅಂಟಿತ್ತು. ತಾಯಿಯ ಎದುರಿಗೆ ಬಂದು, ತುಟಿ ಸರಿಯಾಗಿ ಕಾಣುವಂತೆ ನಿಂತು, ನಿಧಾನವಾಗಿ ಕೇಳಿದಳು.

"ಇಲ್ಲಿ ಒಬ್ಳೇ ಇದ್ದಾಗ ನನ್ ಗ್ಯಾನ ಬತ್ತಾ ಅವ್ವ?"

ಅಕ್ಕ ಸುಳ್ಳು ಹೇಳಲಿಲ್ಲ. "ಇಲ್ಲ ಕಣವ್ವ. ಇವ್ಳ್ ಕೈ ಒಂದೇ ಗ್ಯಾನ."

ಮಗಳು ತಲೆಯಾಡಿಸಿದಳು. ಸೀರೆಯ ಅಂಚು ಹಿಂಡಿಕೊಂಡಳು. ಸೈಕಲ್ಲಿನ ಮಾತು ಅಲ್ಲಿ ಬರಲಿಲ್ಲ. ಹಿಂತಿರುಗುವಾಗ ಕಾರಿನಲ್ಲಿ, ಚನ್ನಪಟ್ಟಣ ದಾಟಿದ ಮೇಲೆ, ಆ ಚಕ್ರ ಇಲ್ಲಿ ಸಿಗುತ್ತದೆಯೋ ಬೆಂಗಳೂರಿನಿಂದಲೇ ತರಿಸಬೇಕೋ ಎಂದು ನನ್ನನ್ನು ಕೇಳಿದಳು. ಇಲ್ಲಿ ಸಿಗುವುದಿಲ್ಲ ಎಂದೆ. ಹಿಂದಿನ ಸೀಟಿನಲ್ಲಿ ಅಕ್ಕ ಕಿಟಕಿಗೆ ತಲೆ ಆನಿಸಿ ನಿದ್ದೆಹೋಗಿದ್ದಳು. ಅವಳ ಬಾಯಿ ಸ್ವಲ್ಪ ತೆರೆದುಕೊಂಡಿತ್ತು.